ಕರೆಂಟ್ ಹೋಗಿ ಬಂದರೆ ಒಂದು ಕಂಪ್ಯೂಟರಿಗೆ ನೆಟ್ ಇರುತ್ತೆ, ಪಕ್ಕದ್ದಕ್ಕೆ ಇರಲ್ಲ!

ಜೇವರ್ಗಿ ರೋಡ್

ಎಲ್ಲರಿಗೂ ನಮಸ್ಕಾರ. ಮನೆಯ ನೆಟ್ ತಲೆ ಕೆಡಿಸಿಬಿಟ್ಟಿದೆ. ಗೊತ್ತಿದ್ದವರು ದಾರಿ ತೋರಿಸಿ.

ನಮ್ಮದು ಕಲಬುರಗಿಯಲ್ಲಿ ಹಳೆ ಮನೆ, ಕೂಡು ಕುಟುಂಬ. ಕೆಳಗೆಲ್ಲ ದಪ್ಪ ಕಲ್ಲಿನ ಗೋಡೆ. ಮೇಲಿನ ಮಹಡಿ ಆಮೇಲೆ ಕಟ್ಟಿಸಿದ್ದು. ಫೈಬರ್ ಕನೆಕ್ಷನ್, 100 ಎಂಬಿಪಿಎಸ್ ಪ್ಲಾನ್. ಕಂಪನಿ ಕೊಟ್ಟ ಫೈಬರ್ ಬಾಕ್ಸ್ ಕೆಳಗೆ ಅಣ್ಣನ ಆಫೀಸ್ ಕೋಣೆಯಲ್ಲಿದೆ. ಅಣ್ಣ ಅಂಗಡಿಯವರ ಲೆಕ್ಕ ಬರೆಯುತ್ತಾನೆ, ಜಿಎಸ್‌ಟಿ ಕೆಲಸ ನೋಡುತ್ತಾನೆ. ಅಲ್ಲಿ ಎರಡು ಡೆಸ್ಕ್‌ಟಾಪ್, ಒಂದು ಪ್ರಿಂಟರ್, ಮೂರಕ್ಕೂ ಕೇಬಲ್. ಮೇಲೆ ನನ್ನ ಲ್ಯಾಪ್‌ಟಾಪ್ ವೈಫೈನಲ್ಲಿ, ಅಣ್ಣನ ಮಗಳ ಡೆಸ್ಕ್‌ಟಾಪ್ ಕೇಬಲ್‌ನಲ್ಲಿ. ಅವಳು ನೀಟ್‌ಗೆ ಓದುತ್ತಿದ್ದಾಳೆ, ದಿನಾ ಆನ್‌ಲೈನ್ ಕ್ಲಾಸ್. ಕೆಳಗಿನ ವೈಫೈ ಆ ಗೋಡೆ ದಾಟಿ ಮೇಲೆ ಬರುತ್ತಿರಲಿಲ್ಲ. ಅದಕ್ಕೆ ಅಂಗಡಿ ಹುಡುಗನೊಬ್ಬನನ್ನು ಕರೆಸಿ ಕೆಳಗಿನಿಂದ ಕೇಬಲ್ ಎಳೆಸಿ, ಮನೆಯಲ್ಲೇ ಬಿದ್ದಿದ್ದ ಹಳೆ ರೌಟರನ್ನು ಮೇಲೆ ಕೂರಿಸಿದೆವು.

ತೊಂದರೆ ಇಷ್ಟು. ಕರೆಂಟ್ ಹೋಗಿ ಬಂದ ಮೇಲೆ ಯಾವುದೋ ಒಂದೆರಡು ಕಂಪ್ಯೂಟರಿಗೆ ನೆಟ್ ಬರುವುದಿಲ್ಲ. 'ನೋ ಇಂಟರ್ನೆಟ್' ಅಂತ ಹಳದಿ ತ್ರಿಕೋನ. ಪಕ್ಕದ ಕಂಪ್ಯೂಟರಿನಲ್ಲಿ ಮಾತ್ರ ಯೂಟ್ಯೂಬ್ ಚೆನ್ನಾಗಿಯೇ ಓಡುತ್ತಿರುತ್ತದೆ. ಇವತ್ತು ಅಣ್ಣನದು ನಿಂತರೆ ನಾಳೆ ಹುಡುಗಿಯದು. ಎಲ್ಲವನ್ನೂ ಆಫ್ ಮಾಡಿ ಆನ್ ಮಾಡಿದರೆ ಒಮ್ಮೊಮ್ಮೆ ಸರಿಹೋಗುತ್ತದೆ, ಒಮ್ಮೊಮ್ಮೆ ಸರಿ ಇದ್ದದ್ದೂ ಕೆಡುತ್ತದೆ. ಪ್ರಿಂಟರ್ ಕೂಡ ಮನಸ್ಸು ಬಂದರೆ ಕಾಣುತ್ತದೆ, ಇಲ್ಲದಿದ್ದರೆ ಆಫ್‌ಲೈನ್.

ಕಂಪನಿ ಕಡೆಯಿಂದ ಬಂದವನು ತನ್ನ ಮೊಬೈಲ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿ 'ನಮ್ಮ ಕಡೆ ಎಲ್ಲಾ ಓಕೆ ಅದ ಸರ್' ಅಂತ ಹೇಳಿ ಹೋದ. 20ನೇ ತಾರೀಖಿನೊಳಗೆ ಜಿಎಸ್‌ಟಿಯ 3ಬಿ ರಿಟರ್ನ್ ಹಾಕಬೇಕು. ಅಣ್ಣನ ಮುಖ ನೋಡಲು ಆಗುತ್ತಿಲ್ಲ.

ಬಿಸಿಲ ನಾಡು

ಡಿಎನ್‌ಎಸ್ (ಸೈಟಿನ ಹೆಸರಿಗೆ ಅದರ ನಂಬರ್ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಸಮಸ್ಯೆ ಇರಬೇಕು ಬ್ರೋ. ಎಲ್ಲ ಕಂಪ್ಯೂಟರಿನಲ್ಲೂ 8.8.8.8 ಹಾಕಿ, ಎರಡನೆಯದಕ್ಕೆ 1.1.1.1. ನಮ್ಮ ಮನೆಯಲ್ಲಿ ಇದರಿಂದಲೇ ಸರಿಯಾಯಿತು.

ಜೇವರ್ಗಿ ರೋಡ್

ಹಾಕಿ ನೋಡಿದೆ. ನಿಂತದ್ದು ನಿಂತೇ ಇದೆ.

ಬಿಸಿಲ ನಾಡು

ಹಾಗಾದರೆ ಬಿಸಿಲು. ಮೇಲಿನ ರೌಟರ್ ಎಲ್ಲಿಟ್ಟಿದ್ದೀರಿ? ಮನೆ ರೌಟರ್‌ಗಳಿಗೆ ಸಾಮಾನ್ಯವಾಗಿ 0ಯಿಂದ 40 ಡಿಗ್ರಿ ತನಕ ಅಂತಲೇ ಕಂಪನಿಯವರು ಬರೆದಿರುತ್ತಾರೆ. ನಮ್ಮ ಊರಲ್ಲಿ ಮೇ ತಿಂಗಳಲ್ಲಿ ಹೊರಗೆ 43, 44. ಟಿನ್ ಶೀಟಿನ ಕೆಳಗಿದ್ದರೆ ಕೇಳುವುದೇ ಬೇಡ.

ಜೇವರ್ಗಿ ರೋಡ್

ಮೆಟ್ಟಿಲ ಕೋಣೆಯಲ್ಲಿದೆ. ಮೇಲೆ ಶೀಟೇ. ಕೈಯಿಟ್ಟರೆ ಬಿಸಿ ಹತ್ತುತ್ತದೆ ನಿಜ. ಆದರೆ ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಗಿ ಬಂದರೂ ಇದೇ ಕಥೆ.

ತೊಗರಿ ಬೇಳೆ

ಅಲ್ಲಿಂದ ರೌಟರನ್ನು ಒಳಗೆ ತನ್ನಿ, ಅದು ಹೇಗೂ ಒಳ್ಳೆಯದು. ಆದರೆ ನಿಮ್ಮ ತೊಂದರೆಗೆ ಬಿಸಿಲು ಕಾರಣ ಅಲ್ಲ ಅನ್ನಿಸುತ್ತೆ. ರೌಟರ್ ಬಿಸಿಯಾದರೆ ಅದು ಹ್ಯಾಂಗ್ ಆಗುತ್ತದೆ, ಮೇಲಿನವರಿಗೆ ಎಲ್ಲರಿಗೂ ಒಟ್ಟಿಗೆ ಹೋಗುತ್ತದೆ. ಕೆಳಗೆ ಕೇಬಲ್‌ನಲ್ಲಿರುವ ನಿಮ್ಮ ಅಣ್ಣನ ಕಂಪ್ಯೂಟರಿಗೂ ಅದಕ್ಕೂ ಏನು ಸಂಬಂಧ?

ಒಂದು ಪರೀಕ್ಷೆ ಮಾಡಿ. ನೆಟ್ ಇಲ್ಲದ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 192.168.1.1ಕ್ಕೆ ಪಿಂಗ್ ಮಾಡಿ, ಅಂದರೆ 'ಇದ್ದೀಯಾ' ಅಂತ ಕೇಳಿ ನೋಡಿ. ನಿಮ್ಮ ಫೈಬರ್ ಬಾಕ್ಸ್ ವಿಳಾಸ ಅದೇ ಇರಬೇಕು, ಬಾಕ್ಸಿನ ಹಿಂದೆ ಸ್ಟಿಕ್ಕರ್ ನೋಡಿ. ಉತ್ತರ ಬಂದರೆ ತೊಂದರೆ ಬಾಕ್ಸಿನಿಂದ ಆಚೆ. ಬಾರದಿದ್ದರೆ ಮನೆಯೊಳಗೇ. ಕಂಪನಿಗೆ ಫೋನ್ ಮಾಡುವ ಮೊದಲು ಇಷ್ಟು ಗೊತ್ತಿದ್ದರೆ ಅವರು 'ರೀಸ್ಟಾರ್ಟ್ ಮಾಡಿ ಸರ್' ಅಂತ ಸಾಗಹಾಕಲು ಆಗುವುದಿಲ್ಲ.

ಜೇವರ್ಗಿ ರೋಡ್

ಅಕ್ಕಾ, ಸ್ಟಿಕ್ಕರಿನಲ್ಲಿ 192.168.1.1 ಅಂತಲೇ ಇದೆ. ಸರಿ ಇರುವ ಕಂಪ್ಯೂಟರಿನಿಂದ ಉತ್ತರ ಬರುತ್ತದೆ. ನೆಟ್ ಇಲ್ಲದ್ದರಲ್ಲಿ 'ರಿಕ್ವೆಸ್ಟ್ ಟೈಮ್ಡ್ ಔಟ್'. ಅಂದರೆ ಮನೆಯೊಳಗೇ ಅಂತಾಯಿತಾ?

ಕ್ರಿಂಪರ್ ಕಾಕಾ

ತಮ್ಮಾ, ಮನೆಯೊಳಗೇ. ಕಂಪನಿಯವರ ತಪ್ಪು ಇಲ್ಲಿ ಕಾಣುತ್ತಿಲ್ಲ.

ಈಗ ನಾನು ಹೇಳಿದಷ್ಟು ಮಾಡು. ನೆಟ್ ಇರುವ ಒಂದು ಕಂಪ್ಯೂಟರ್, ಇಲ್ಲದ ಒಂದು ಕಂಪ್ಯೂಟರ್, ಎರಡರಲ್ಲೂ ಐಪಿಕಾನ್ಫಿಗ್ ಕಮಾಂಡ್ ಕೊಡು. ಅದರ ಮುಂದೆ ಒಂದು ಸ್ಪೇಸ್ ಬಿಟ್ಟು ಸ್ಲ್ಯಾಶ್ ಆಲ್ ಅಂತ ಸೇರಿಸು. ಉದ್ದ ಪಟ್ಟಿ ಬರುತ್ತದೆ. ನನಗೆ ಅದರಲ್ಲಿ ಮೂರೇ ಸಾಲು ಬೇಕು: ಐಪಿವಿ4 ವಿಳಾಸ (ಕಂಪ್ಯೂಟರಿನ ನಂಬರ್), ಡೀಫಾಲ್ಟ್ ಗೇಟ್‌ವೇ (ಹೊರಗೆ ಹೋಗುವ ಬಾಗಿಲು), ಡಿಎಚ್‌ಸಿಪಿ ಸರ್ವರ್ (ಆ ವಿಳಾಸ ಹಂಚುವವನು). ಇನ್ನೇನನ್ನೂ ಈಗ ಮುಟ್ಟಬೇಡ. ರೀಸೆಟ್ ಬಟನ್ನಂತೂ ಒತ್ತಲೇಬೇಡ.

ಇನ್ನೊಂದು. ಮೇಲಿನ ಹಳೆ ರೌಟರಿನ ಹಿಂದೆ ಕೆಳಗಿನಿಂದ ಬಂದ ಕೇಬಲ್ ಯಾವ ಬಣ್ಣದ ಪೋರ್ಟಿಗೆ ಚುಚ್ಚಿದ್ದಾರೆ?

ಜೇವರ್ಗಿ ರೋಡ್

ಕಾಕಾ, ಬರೆದುಕೊಂಡು ಬಂದೆ.

ನೆಟ್ ಇರುವುದು, ಕೆಳಗಿನ ಎರಡನೇ ಡೆಸ್ಕ್‌ಟಾಪ್: ವಿಳಾಸ 192.168.1.34, ಗೇಟ್‌ವೇ 192.168.1.1, ಡಿಎಚ್‌ಸಿಪಿ ಸರ್ವರ್ 192.168.1.1.

ನೆಟ್ ಇಲ್ಲದ್ದು, ಅದರ ಪಕ್ಕದಲ್ಲೇ ಇರುವ ಅಣ್ಣನದು: ವಿಳಾಸ 192.168.0.102, ಗೇಟ್‌ವೇ 192.168.0.1, ಡಿಎಚ್‌ಸಿಪಿ ಸರ್ವರ್ 192.168.0.1.

ಮೇಲಿನ ರೌಟರಿನಲ್ಲಿ ಕೇಬಲ್ ಹಳದಿ ಪೋರ್ಟಿನಲ್ಲಿದೆ. ನೀಲಿ ಪೋರ್ಟ್ ಖಾಲಿ.

ಕ್ರಿಂಪರ್ ಕಾಕಾ

ಸಿಕ್ಕಿತು.

ನಿನ್ನ ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರಿದ್ದಾರೆ. ಫೈಬರ್ ಬಾಕ್ಸ್ ಒಬ್ಬ, ಮೆಟ್ಟಿಲ ಕೋಣೆಯ ಹಳೆ ರೌಟರ್ ಇನ್ನೊಬ್ಬ. ಬಾಕ್ಸ್ ಕೊಡುವ ವಿಳಾಸ 192.168.1 ಅಂತ ಶುರುವಾಗುತ್ತದೆ. ಹಳೆ ರೌಟರ್ ಕೊಡುವುದು 192.168.0 ಅಂತ. ಬಾಕ್ಸಿನಿಂದ ವಿಳಾಸ ಪಡೆದ ಕಂಪ್ಯೂಟರಿಗೆ ನೆಟ್ ಇರುತ್ತದೆ. ಹಳೆ ರೌಟರಿನಿಂದ ಪಡೆದದ್ದಕ್ಕೆ ಇರುವುದಿಲ್ಲ. ಯಾಕೆಂದರೆ ವಿಳಾಸದ ಜೊತೆಗೆ ಅದು 'ಹೊರಗೆ ಹೋಗಬೇಕಾದರೆ ನನ್ನ ಮೂಲಕವೇ ಹೋಗು' ಅಂತಲೂ ಹೇಳಿಬಿಡುತ್ತದೆ. ಅದರ ನೀಲಿ ಪೋರ್ಟ್ ಖಾಲಿ, ಅದಕ್ಕೇ ಹೊರಗೆ ಹೋಗುವ ದಾರಿ ಇಲ್ಲ. ಕಂಪ್ಯೂಟರ್ ಕಳಿಸಿದ್ದೆಲ್ಲ ಅಲ್ಲಿಗೆ ಹೋಗಿ ಸಾಯುತ್ತದೆ.

ಪ್ರಿಂಟರಿನದೂ ಇದೇ. ಪ್ರಿಂಟರ್ ಒಂದು ಗುಂಪಿನ ವಿಳಾಸ ಹಿಡಿದು, ಕಂಪ್ಯೂಟರ್ ಇನ್ನೊಂದು ಗುಂಪಿನದು ಹಿಡಿದರೆ ಒಂದಕ್ಕೊಂದು ಕಾಣುವುದಿಲ್ಲ. ಎರಡೂ ಒಂದೇ ಗುಂಪಾದ ದಿನ ಆಫ್‌ಲೈನ್ ಅನ್ನುವುದಿಲ್ಲ.

ಜೇವರ್ಗಿ ರೋಡ್

ಕಾಕಾ, ಮೇಲಿನವರಿಗೆ ಹೀಗಾದರೆ ಒಪ್ಪುತ್ತೇನೆ. ಅಣ್ಣನ ಕಂಪ್ಯೂಟರಿನ ಕೇಬಲ್ ಸೀದಾ ಫೈಬರ್ ಬಾಕ್ಸಿಗೇ ಇದೆ. ಒಂದು ಮಾರು ಉದ್ದ ಕೂಡ ಇಲ್ಲ. ಅದಕ್ಕೆ ಮೇಲಿನ ರೌಟರ್ ವಿಳಾಸ ಕೊಡುವುದು ಹೇಗೆ? ಮತ್ತೆ, ಕರೆಂಟ್ ಹೋದಾಗಲೇ ಯಾಕೆ?

ಕ್ರಿಂಪರ್ ಕಾಕಾ

ಒಳ್ಳೆಯ ಪ್ರಶ್ನೆ ಕೇಳಿದೆ. ಕಂಪನಿ ಕಡೆಯವನು ಎಡವಿದ್ದೂ ಇಲ್ಲೇ ಇರಬೇಕು.

ಕಂಪ್ಯೂಟರ್ ಶುರುವಾದಾಗ ಅದಕ್ಕೆ ಯಾರು ವಿಳಾಸ ಕೊಡುತ್ತಾರೆ ಅಂತ ಗೊತ್ತಿರುವುದಿಲ್ಲ. ಅಂಗಳದಲ್ಲಿ ನಿಂತು ಇಡೀ ಮನೆಗೆ ಕೇಳುವಂತೆ ಕೂಗಿದ ಹಾಗೆ, 'ಯಾರಾದರೂ ವಿಳಾಸ ಕೊಡಿ' ಅಂತ ಎಲ್ಲರಿಗೂ ಒಮ್ಮೆಗೇ ಕೇಳುತ್ತದೆ. ಬಾಕ್ಸಿನ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕಿನ) ಪೋರ್ಟುಗಳು, ಮೇಲಕ್ಕೆ ಹೋದ ಕೇಬಲ್, ಹಳೆ ರೌಟರಿನ ಹಳದಿ ಪೋರ್ಟುಗಳು, ಅದರ ವೈಫೈ, ಇಷ್ಟೂ ಸೇರಿ ಒಂದೇ ನೆಟ್‌ವರ್ಕ್. ಕೇಬಲ್ ಹಳದಿ ಪೋರ್ಟಿಗೆ ಹೋಗಿರುವುದರಿಂದ ನಡುವೆ ಬಾಗಿಲೇ ಇಲ್ಲ. ಆ ಕೂಗು ಮೆಟ್ಟಿಲ ಕೋಣೆಯ ತನಕ ಹೋಗುತ್ತದೆ. ಇಬ್ಬರೂ ಉತ್ತರ ಕೊಡುತ್ತಾರೆ. ಯಾರ ಉತ್ತರ ಮೊದಲು ಬರುತ್ತದೋ ಕಂಪ್ಯೂಟರ್ ಸಾಮಾನ್ಯವಾಗಿ ಅದನ್ನೇ ಹಿಡಿಯುತ್ತದೆ. ಕೇಬಲ್ ಉದ್ದ ಎಷ್ಟು ಅನ್ನುವುದು ಲೆಕ್ಕಕ್ಕೇ ಇಲ್ಲ.

ಇನ್ನು ಕರೆಂಟ್. ಹಳೆ ರೌಟರ್ ಸಣ್ಣದು, ಬೇಗ ಎದ್ದು ಕೂರುತ್ತದೆ. ಫೈಬರ್ ಬಾಕ್ಸ್ ಏಳುವುದು ನಿಧಾನ. ಕರೆಂಟ್ ಬಂದ ಕೂಡಲೇ ಶುರುವಾದ ಕಂಪ್ಯೂಟರಿಗೆ ಉತ್ತರ ಕೊಡಲು ಆ ಹೊತ್ತಿಗೆ ಹಳೆ ರೌಟರ್ ಒಂದೇ ಇರುತ್ತದೆ. ನಿಧಾನಕ್ಕೆ ಆನ್ ಮಾಡಿದ ಕಂಪ್ಯೂಟರಿಗೆ ಬಾಕ್ಸ್ ಸಿಗುತ್ತದೆ. ಅದಕ್ಕೇ ದಿನಕ್ಕೊಂದು ಕಂಪ್ಯೂಟರ್ ಪಾಳಿ. ಒಮ್ಮೆ ಸಿಕ್ಕ ವಿಳಾಸಕ್ಕೆ ಒಂದು ಅವಧಿ ಇರುತ್ತದೆ, ಮನೆ ರೌಟರ್‌ಗಳಲ್ಲಿ ಎಷ್ಟೋ ಸಲ 24 ಗಂಟೆ. ಅಲ್ಲಿಯವರೆಗೆ ಕಂಪ್ಯೂಟರ್ ಅದನ್ನು ಬಿಡುವುದಿಲ್ಲ, ಕೊಟ್ಟವನ ಹತ್ತಿರವೇ ನವೀಕರಿಸಿಕೊಳ್ಳುತ್ತದೆ. ಕರೆಂಟ್ ಹೋಗದ ದಿನ ಎಲ್ಲ ಶಾಂತ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಮೇಲಕ್ಕೆ ಹೋಗುವ ಕೇಬಲನ್ನು ಬಾಕ್ಸಿನಿಂದ ಕಿತ್ತು ಪಕ್ಕಕ್ಕಿಡು. ಅಣ್ಣನ ಕಂಪ್ಯೂಟರಿನಲ್ಲಿ ಐಪಿಕಾನ್ಫಿಗ್ ಸ್ಲ್ಯಾಶ್ ರಿಲೀಸ್, ಆಮೇಲೆ ಐಪಿಕಾನ್ಫಿಗ್ ಸ್ಲ್ಯಾಶ್ ರಿನ್ಯೂ. ಏನು ಬರುತ್ತದೆ ಹೇಳು.

ಜೇವರ್ಗಿ ರೋಡ್

192.168.1.35 ಬಂತು. ನೆಟ್ ಬಂತು! ಬಾಕ್ಸ್ ಆಫ್ ಮಾಡಿ ಆನ್ ಮಾಡಿದರೂ ಕೆಳಗಿನ ಎರಡಕ್ಕೂ ಬಿಡದೆ ನೆಟ್ ಬರುತ್ತಿದೆ. ಪ್ರಿಂಟರೂ ಕಾಣುತ್ತಿದೆ. ಆದರೆ ಮೇಲೆ ಈಗ ಏನೂ ಇಲ್ಲ, ಹುಡುಗಿ ನನ್ನ ಮೊಬೈಲ್ ಹಾಟ್‌ಸ್ಪಾಟ್ ಕಿತ್ತುಕೊಂಡು ಕೂತಿದ್ದಾಳೆ.

ಸುರಪುರ ಎಕ್ಸ್‌ಪ್ರೆಸ್

ಎರಡಕ್ಕೂ ಒಂದೊಂದು ಮಿನಿ ಯುಪಿಎಸ್ ಹಾಕಿಬಿಡಿ ಅಣ್ಣಾ. ಕರೆಂಟ್ ಹೋದರೂ ರೌಟರ್ ಆಫ್ ಆಗಲ್ಲ, ತಾಪತ್ರಯವೇ ಇಲ್ಲ.

ಕ್ರಿಂಪರ್ ಕಾಕಾ

ಯುಪಿಎಸ್ ಬೇಡ ಅನ್ನುವುದಿಲ್ಲ. ನಮ್ಮ ಕಡೆ ಬೇಕೇ ಬೇಕು. ಅಡಾಪ್ಟರಿನ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ನೋಡಿಯೇ ತಗೋಬೇಕು. 12 ವೋಲ್ಟಿನ ಬಾಕ್ಸಿಗೆ 9 ವೋಲ್ಟಿನದು ಚುಚ್ಚಬಾರದು. ಆದರೆ ಇಲ್ಲಿ ಅದು ರೋಗ ಮುಚ್ಚುತ್ತದೆ ಅಷ್ಟೇ, ವಾಸಿ ಮಾಡುವುದಿಲ್ಲ. ಯಾವತ್ತೋ ಬ್ಯಾಟರಿ ಇಳಿದ ದಿನ ಇದೇ ರಾಮಾಯಣ. ಅಷ್ಟೇ ಅಲ್ಲ, ಮನೆಗೆ ಬಂದ ನೆಂಟರ ಮೊಬೈಲಿಗೂ ತಪ್ಪು ವಿಳಾಸ ಸಿಗುತ್ತದೆ.

ತೊಗರಿ ಬೇಳೆ

ಸುಲಭದ ದಾರಿ ಒಂದಿದೆ ಅಲ್ವಾ? ಮೇಲಿನ ರೌಟರಿನಲ್ಲಿ ಕೇಬಲನ್ನು ಹಳದಿಯಿಂದ ತೆಗೆದು ನೀಲಿಗೆ ಹಾಕಿದರೆ ಮುಗಿಯಿತು. ಒಂದೇ ನಿಮಿಷದ ಕೆಲಸ, ಸೆಟ್ಟಿಂಗ್ ಮುಟ್ಟುವುದೇ ಬೇಡ. ನೀಲಿ ಪೋರ್ಟ್ ಇರುವುದೇ ಹೊರಗಿನ ನೆಟ್ ತೆಗೆದುಕೊಳ್ಳಲು. ಇವರ ಎರಡು ರೌಟರಿನ ವಿಳಾಸದ ಗುಂಪೂ ಬೇರೆ ಬೇರೆ ಇರುವುದರಿಂದ ತಂಟೆ ಇಲ್ಲ. ನಮ್ಮ ಮನೆಯಲ್ಲಿ ಹಾಗೇ ಇದೆ. ಬೆಂಗಳೂರು ಆಫೀಸಿನ ವಿಪಿಎನ್ ಅದರ ಮೇಲೆಯೇ ನಡೆಯುತ್ತಿದೆ.

ಕ್ರಿಂಪರ್ ಕಾಕಾ

ಅಕ್ಕಾ, ನೀವು ಹೇಳಿದ್ದು ತಪ್ಪಲ್ಲ. ಬರೀ ನೆಟ್ ಸಾಕು ಅನ್ನುವವರಿಗೆ ಅದೇ ಚೆಂದ. ಆದರೆ ನೀಲಿಗೆ ಹಾಕಿದರೆ ಮೇಲಿನವರು ಬೇರೆ ನೆಟ್‌ವರ್ಕ್, ಕೆಳಗಿನವರು ಬೇರೆ. ಮೇಲಿನ ಲ್ಯಾಪ್‌ಟಾಪಿನಲ್ಲಿ ಪ್ರಿಂಟರ್ ಹುಡುಕಿದರೆ ತಾನಾಗಿ ಕಾಣುವುದಿಲ್ಲ, ಅದರ ವಿಳಾಸ ಕೈಯಾರೆ ಕೊಡಬೇಕು. ಕೆಳಗಿನಿಂದ ಮೇಲಿನ ಕಂಪ್ಯೂಟರಿನ ಶೇರ್ ಮಾಡಿದ ಫೋಲ್ಡರ್ ತೆರೆಯುವುದಂತೂ ಇಲ್ಲವೇ ಇಲ್ಲ. ಇವರು ಲೆಕ್ಕದ ಮನೆಯವರು.

ತಮ್ಮಾ, ಮೇಲಿನಿಂದ ಪ್ರಿಂಟ್ ತೆಗೆಯುತ್ತೀರಾ? ಲೆಕ್ಕದ ಡೇಟಾ ಎರಡು ಕಡೆಯಿಂದ ತೆರೆಯುತ್ತೀರಾ?

ಜೇವರ್ಗಿ ರೋಡ್

ಹೌದು ಕಾಕಾ. ತಿಂಗಳ ಕೊನೆಗೆ ನಾನೂ ಮೇಲಿನಿಂದ ಎಂಟ್ರಿ ಹಾಕುತ್ತೇನೆ. ಡೇಟಾ ಅಣ್ಣನ ಕಂಪ್ಯೂಟರಿನಲ್ಲಿದೆ. ಹುಡುಗಿ ನೋಟ್ಸ್ ಪ್ರಿಂಟ್ ತೆಗೆಯುವುದು ಆ ಪ್ರಿಂಟರಿನಿಂದಲೇ.

ಕ್ರಿಂಪರ್ ಕಾಕಾ

ಹಾಗಾದರೆ ಕೇಬಲ್ ಹಳದಿಯಲ್ಲೇ ಇರಲಿ. ಹಳೆ ರೌಟರಿಗೆ ವಿಳಾಸ ಹಂಚುವ ಕೆಲಸ ಬಿಡಿಸೋಣ. ಬರೀ ವೈಫೈ ಕೊಟ್ಟುಕೊಂಡು ಬಿದ್ದಿರಲಿ.

ಮಾಡುವ ಕ್ರಮ ಮುಖ್ಯ, ಹಿಂದೆಮುಂದೆ ಮಾಡಿದರೆ ರೌಟರಿನ ಒಳಗೇ ಹೋಗಲು ಬರುವುದಿಲ್ಲ. ಮೊದಲು ಕೆಳಗಿನಿಂದ ಬಂದ ಕೇಬಲನ್ನು ಹಳೆ ರೌಟರಿನಿಂದ ತೆಗೆ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಒಂದು ತುಂಡು ಕೇಬಲ್‌ನಿಂದ ಹಳದಿ ಪೋರ್ಟಿಗೆ ಸೇರಿಸು. ಬ್ರೌಸರಿನಲ್ಲಿ 192.168.0.1 ಹೊಡೆ. ಪಾಸ್‌ವರ್ಡ್ ರೌಟರಿನ ಹೊಟ್ಟೆಯ ಮೇಲಿನ ಸ್ಟಿಕ್ಕರಿನಲ್ಲಿರುತ್ತದೆ, ಯಾರೂ ಬದಲಾಯಿಸದಿದ್ದರೆ. ಲ್ಯಾನ್ ಸೆಟ್ಟಿಂಗಿಗೆ ಹೋಗಿ ರೌಟರಿನ ಸ್ವಂತ ವಿಳಾಸವನ್ನು 192.168.1.2 ಮಾಡು. ಸೇವ್ ಒತ್ತಿದರೆ ರೀಸ್ಟಾರ್ಟ್ ಆಗುತ್ತದೆ. ಈಗ ಬ್ರೌಸರಿನಲ್ಲಿ 192.168.1.2 ಹೊಡೆದು ಮತ್ತೆ ಒಳಗೆ ಹೋಗು. ಆಮೇಲೆಯೇ ಡಿಎಚ್‌ಸಿಪಿ ಆಫ್ ಮಾಡಬೇಕು. ಮೊದಲೇ ಆಫ್ ಮಾಡಿದರೆ ನಿನ್ನ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರು ಯಾರೂ ಇರುವುದಿಲ್ಲ. ಆಗ 169.254 ಅಂತ ಶುರುವಾಗುವ ವಿಳಾಸ ಕಾಣುತ್ತದೆ. ಯಾರೂ ಉತ್ತರ ಕೊಡದಿದ್ದಾಗ ವಿಂಡೋಸ್ ತಾನೇ ಹಾಕಿಕೊಳ್ಳುವ ವಿಳಾಸ ಅದು.

ಕೊನೆಗೆ ಕೆಳಗಿನ ಕೇಬಲನ್ನು ಹಳದಿಗೇ ವಾಪಸ್ ಹಾಕು. ನೀಲಿ ಖಾಲಿ ಇರಲಿ. ಫೈಬರ್ ಬಾಕ್ಸಿನಲ್ಲೂ ಒಂದು ಕೆಲಸ ಇದೆ. ಅದು ಯಾವ ಸಂಖ್ಯೆಯಿಂದ ವಿಳಾಸ ಹಂಚುತ್ತದೆ ನೋಡು. 2ರಿಂದ ಶುರು ಇದ್ದರೆ ಹಳೆ ರೌಟರಿಗೆ ಇಟ್ಟ 2ನ್ನೇ ಯಾವುದೋ ಮೊಬೈಲಿಗೂ ಕೊಟ್ಟೀತು. 100ರಿಂದ 200 ಮಾಡಿಬಿಡು. ನಿನ್ನ ಮನೆಗೆ ನೂರು ವಿಳಾಸ ಧಾರಾಳ.

ಬಿಸಿಲ ನಾಡು

ಅಂಗಡಿ ಹುಡುಗ ಯಾಕೆ ಹಳದಿಗೆ ಹಾಕಿದ ಅಂತ? ಅವನನ್ನೇ ಕರೆಸಿ ಕೇಳಬೇಕು.

ಕ್ರಿಂಪರ್ ಕಾಕಾ

ಹಾಕಿದಾಗ ಕೆಲಸ ಮಾಡಿರುತ್ತದಪ್ಪ. ಆ ಹೊತ್ತಿಗೆ ಎಲ್ಲರ ಹತ್ತಿರವೂ ಬಾಕ್ಸ್ ಕೊಟ್ಟ ವಿಳಾಸ ಇತ್ತು. ಅವನು ಮೊಬೈಲಿನಲ್ಲಿ ನೋಡಿ, ದುಡ್ಡು ತೆಗೆದುಕೊಂಡು ಹೋದ. ಕರೆಂಟ್ ಹೋಗುವ ತನಕ ಕಾಯುವವರು ಯಾರು?

ಜೇವರ್ಗಿ ರೋಡ್

ಎಲ್ಲ ಮಾಡಿದೆ. ಬಾಕ್ಸ್ ನಿಜವಾಗಿಯೂ 2ರಿಂದಲೇ ಹಂಚುತ್ತಿತ್ತು, ಬದಲಾಯಿಸಿದೆ. ಆಮೇಲೆ ಮೇನ್ ಸ್ವಿಚ್ಚೇ ಇಳಿಸಿ ಎತ್ತಿ ನೋಡಿದೆ. ಅತ್ತಿಗೆ ಅಡುಗೆಮನೆಯಿಂದ ಕೂಗಿದರು, ಮಿಕ್ಸರ್ ನಿಂತಿತ್ತಂತೆ. ನಾಲ್ಕೂ ಕಂಪ್ಯೂಟರಿಗೆ 192.168.1ರ ವಿಳಾಸವೇ ಬಂತು. ಮೇಲಿನಿಂದ ಪ್ರಿಂಟ್ ಕೊಟ್ಟೆ, ಕೆಳಗೆ ಹಾಳೆ ಬಂತು. ಹಳೆ ರೌಟರನ್ನೂ ಒಳಗಿನ ಕೋಣೆಗೆ ತಂದಿಟ್ಟಿದ್ದೇನೆ. ಕಾಕಾ, ಅಕ್ಕಾ, ಭಾಳ ಉಪಕಾರ ಆಯಿತು.

ನೌಬಾದ್

ಬೀದರ್‌ನಿಂದ. ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ಮನೆಯಲ್ಲಿ ನಿನ್ನೆಯಿಂದ ಯಾವ ಕಂಪ್ಯೂಟರಿಗೂ ನೆಟ್ ಇಲ್ಲ. ಬಾಕ್ಸಿನಲ್ಲಿ ಎಲ್‌ಓಎಸ್ ಅನ್ನುವ ಕೆಂಪು ದೀಪ ಮಿಣಮಿಣ ಅನ್ನುತ್ತಿದೆ. ನಾನೂ ಈ ಡಿಎಚ್‌ಸಿಪಿ ನೋಡಬೇಕೇ?

ಕ್ರಿಂಪರ್ ಕಾಕಾ

ಬೇಡ. ಅದು ಬೇರೆ ರೋಗ. ಕೆಂಪು ಎಲ್‌ಓಎಸ್ ಅಂದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ. ಕಂಪ್ಯೂಟರಿನಲ್ಲಿ ಏನು ಒತ್ತಿದರೂ ಉಪಯೋಗ ಇಲ್ಲ. ಗೋಡೆಯಿಂದ ಬಾಕ್ಸಿಗೆ ಬರುವ ತೆಳು ಹಳದಿ ಅಥವಾ ಬಿಳಿ ವೈರ್ ಎಲ್ಲಾದರೂ ಮಡಚಿಕೊಂಡಿದೆಯಾ ನೋಡಿ. ಮಂಚ, ಕಪಾಟು ಸರಿಸಿದ್ದರೆ ಅದರ ಹಿಂದೆ ಸಿಕ್ಕಿಕೊಂಡಿರುತ್ತದೆ. ಫೈಬರ್ ಗಾಜಿನ ಎಳೆ, ಜೋರಾಗಿ ಬಾಗಿದರೆ ಬೆಳಕು ಬಾಗಿದ ಜಾಗದಲ್ಲೇ ಸೋರಿಹೋಗುತ್ತದೆ. ಹಸಿರು ಪಿನ್ ಸಡಿಲವಾಗಿದ್ದರೆ ಟಕ್ ಅನ್ನುವ ತನಕ ಒತ್ತಿ. ಪಿನ್ ತೆಗೆದು ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ.

ಇಷ್ಟಾದರೂ ಕೆಂಪೇ ಇದ್ದರೆ ಕಂಪನಿಯವರೇ ಬರಬೇಕು. ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಬಂದವರಿಗೆ ಪವರ್ ಮೀಟರ್ ಇಟ್ಟು ತೋರಿಸಲು ಹೇಳಿ. ಸಾಮಾನ್ಯ ಬಾಕ್ಸಿಗೆ ಮೈನಸ್ 27 ಡಿಬಿಎಂ (ಬೆಳಕಿನ ಬಲದ ಅಳತೆ) ಕೊನೆಯ ಗೆರೆ. ಮೈನಸ್ 20ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 26 ತೋರಿಸಿ 'ನಡೀತದ' ಅಂದರೆ ಒಪ್ಪಬೇಡಿ.

ನೌಬಾದ್

ಟಿವಿ ಸ್ಟ್ಯಾಂಡಿನ ಹಿಂದೆ ಮಡಚಿ ಕೂತಿತ್ತು. ಬಿಡಿಸಿದೆ, ಹಸಿರು ದೀಪ ಬಂತು. ಧನ್ಯವಾದ.

ಜೇವರ್ಗಿ ರೋಡ್

ಕಾಕಾ, ಮತ್ತೆ ಬಂದೆ. ಕರೆಂಟಿನ ತೊಂದರೆ ಹೋಯಿತು, ಅದು ಖಾತ್ರಿ. ಆದರೆ ಸಂಜೆ ಏಳರ ನಂತರ ಹುಡುಗಿಯ ಕ್ಲಾಸ್ ನಿಂತು ನಿಂತು ಬರುತ್ತದೆ. ಮೇಡಂ ಮಾತು ತುಂಡು ತುಂಡು. ಸ್ಪೀಡ್ ಟೆಸ್ಟ್ ಮಾಡಿದರೆ ಒಮ್ಮೆ 90, ಒಮ್ಮೆ 12. ಇನ್ನೊಂದು, ಅವಳ ಕಂಪ್ಯೂಟರಿನಲ್ಲಿ ಲಿಂಕ್ ಸ್ಪೀಡ್ 100 ಅಂತ ತೋರಿಸುತ್ತೆ, ಅಣ್ಣನದರಲ್ಲಿ 1000 ಅಂತ. ಕೇಬಲ್ ಕೆಟ್ಟಿದೆಯಾ?

ಸುರಪುರ ಎಕ್ಸ್‌ಪ್ರೆಸ್

ಸಂಜೆ ಎಲ್ಲರೂ ನೆಟ್ ನೋಡುತ್ತಾರೆ, ಕಂಪನಿಯವರದೇ ಸ್ಲೋ ಇರಬೇಕು ಅಣ್ಣಾ. ಪ್ಲಾನ್ ಬದಲಾಯಿಸಿ.

ತೊಗರಿ ಬೇಳೆ

ತಡೆಯಿರಿ, ಮೊದಲು ನೋಡೋಣ. ಕ್ಲಾಸ್ ನಿಲ್ಲುವ ಹೊತ್ತಿಗೆ ಕೆಳಗಿನ ಕಂಪ್ಯೂಟರಿನಿಂದ 8.8.8.8ಕ್ಕೆ ಪಿಂಗ್ ಓಡಿಸಿ, ಕೊನೆಗೆ ಒಂದು ಸ್ಪೇಸ್ ಕೊಟ್ಟು ಹೈಫನ್, ಅದಕ್ಕಂಟಿಸಿ ಟಿ ಅಕ್ಷರ ಹಾಕಿದರೆ ನಿಲ್ಲದೆ ಓಡುತ್ತಿರುತ್ತದೆ. ಎಷ್ಟು ಮಿಲಿಸೆಕೆಂಡ್ ಬರುತ್ತದೆ ನೋಡಿ. ಆಮೇಲೆ ಒಂದೊಂದೇ ಕಂಪ್ಯೂಟರಿನ ಕೇಬಲ್ ಕೀಳುತ್ತಾ ಬನ್ನಿ. ಯಾವುದು ಕಿತ್ತಾಗ ಸಂಖ್ಯೆ ಧಡ್ ಅಂತ ಇಳಿಯುತ್ತದೋ ಅದೇ ಕಳ್ಳ. ಎಲ್ಲ ಕಿತ್ತರೂ ಇಳಿಯದಿದ್ದರೆ ಆಗ ಕಂಪನಿಯ ಕಡೆ ನೋಡಬಹುದು.

ಜೇವರ್ಗಿ ರೋಡ್

ಅಕ್ಕಾ! ಪಿಂಗ್ ಮೊದಲು ಐನೂರು ಆರುನೂರು ಇತ್ತು. ಅಣ್ಣನ ಕಂಪ್ಯೂಟರ್ ಕೇಬಲ್ ಕಿತ್ತ ಕೂಡಲೇ ಇಪ್ಪತ್ತಕ್ಕಿಂತ ಕೆಳಗೆ ಬಂತು. ಅದರಲ್ಲಿ ಕ್ಲೌಡ್ ಬ್ಯಾಕಪ್ ಓಡುತ್ತಿದೆ. ಮನೆಯ ಮದುವೆಯ ವಿಡಿಯೊ ಎಲ್ಲ ಅದೇ ಫೋಲ್ಡರಿನಲ್ಲಿ ಇಟ್ಟಿದ್ದಾನೆ. ಅಣ್ಣ ಏಳಕ್ಕೆ ಊಟಕ್ಕೆ ಏಳುತ್ತಾನೆ, ಕಂಪ್ಯೂಟರ್ ಸುಮ್ನೆ ಇದ್ದಾಗ ಅದು ಶುರುಮಾಡುತ್ತದೆ.

ತೊಗರಿ ಬೇಳೆ

ಹಾಗೇ ಅಂದುಕೊಂಡೆ. ನಾವು ಡೌನ್‌ಲೋಡ್ ಒಂದನ್ನೇ ನೋಡುತ್ತೇವೆ, ಅಪ್‌ಲೋಡ್ ಮರೆಯುತ್ತೇವೆ. ಒಬ್ಬರು ಅಪ್‌ಲೋಡ್ ಪೂರ್ತಿ ಹಿಡಿದುಕೊಂಡರೆ ಬೇರೆಯವರ ಡೌನ್‌ಲೋಡೂ ಕುಂಟುತ್ತದೆ. ಯಾಕೆಂದರೆ ಡೌನ್‌ಲೋಡ್ ಮಾಡುವ ಕಂಪ್ಯೂಟರ್ 'ಇಲ್ಲಿತನಕ ಬಂತು, ಮುಂದಿನದು ಕಳಿಸು' ಅಂತ ಆಗಾಗ ಹೇಳುತ್ತಿರಬೇಕು. ಆ ಸಣ್ಣ ಮಾತು ಮದುವೆ ವಿಡಿಯೊದ ಹಿಂದೆ ಬಾಕ್ಸಿನೊಳಗೆ ಸರದಿಯಲ್ಲಿ ನಿಲ್ಲುತ್ತದೆ. ಆನ್‌ಲೈನ್ ಕ್ಲಾಸ್, ವಿಡಿಯೊ ಕಾಲ್‌ಗಳಿಗೆ ಇದು ಎಲ್ಲರಿಗಿಂತ ಮೊದಲು ತಟ್ಟುತ್ತದೆ.

ಬ್ಯಾಕಪ್ ಸೆಟ್ಟಿಂಗಿನಲ್ಲಿ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕಲು ಬಹಳಷ್ಟು ಆ್ಯಪ್‌ಗಳಲ್ಲಿ ಬರುತ್ತದೆ. ಅಲ್ಲಿ ಎಂಬಿ ಅಂತ ಇದೆಯೋ ಎಂಬಿಪಿಎಸ್ ಅಂತ ಇದೆಯೋ ನೋಡಿಕೊಳ್ಳಿ. ಸೆಕೆಂಡಿಗೆ ಒಂದು ಎಂಬಿ ಅಂದರೆ 8 ಎಂಬಿಪಿಎಸ್. ನಿಮ್ಮ ಅಪ್‌ಲೋಡಿನ ಅರ್ಧಕ್ಕೆ ನಿಲ್ಲಿಸಿದರೂ ಸಾಕು. ಫೈಬರ್ ಬಾಕ್ಸಿನಲ್ಲಿ ಕ್ಯೂಓಎಸ್ (ಯಾವ ಡೇಟಾ ಮೊದಲು ಹೋಗಬೇಕು ಅಂತ ಹೇಳುವ ಸೆಟ್ಟಿಂಗ್) ಇದ್ದರೆ ಅದೂ ಆಗುತ್ತದೆ. ಆದರೆ ಕಂಪನಿ ಕೊಡುವ ಬಾಕ್ಸ್‌ಗಳಲ್ಲಿ ಅದು ಹೆಸರಿಗಷ್ಟೇ ಇರುವುದೇ ಜಾಸ್ತಿ.

ಕ್ರಿಂಪರ್ ಕಾಕಾ

ಕೇಬಲ್ ಮಾತಿಗೆ ಬರುತ್ತೇನೆ. ಮೊದಲು ಹಳೆ ರೌಟರಿನ ಪೋರ್ಟ್ ಎಷ್ಟರದು ನೋಡು. ತುಂಬಾ ಹಳೆ ರೌಟರ್‌ಗಳಲ್ಲಿ ಪೋರ್ಟೇ 100ರದು ಇರುತ್ತದೆ. ಆಗ ಕೇಬಲ್ ಬದಲಾಯಿಸಿದರೂ ಅಷ್ಟೇ. ಪೋರ್ಟ್ ಗಿಗಾಬಿಟ್ ಇದ್ದೂ 100 ತೋರಿಸಿದರೆ ಕೇಬಲ್ ಅಥವಾ ಅದರ ತುದಿ.

ಕೇಬಲ್‌ನೊಳಗೆ ಎಂಟು ಎಳೆ, ನಾಲ್ಕು ಜೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. 100ಕ್ಕೆ ಎರಡೇ ಜೋಡಿ ಸಾಕು, ಪಿನ್ 1, 2, 3 ಮತ್ತು 6. ಅಂದರೆ ಕಿತ್ತಳೆ ಮತ್ತು ಹಸಿರು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದೇ ಎಳೆ ತುಂಡಾದರೂ ಎಷ್ಟೋ ಸಲ ಲಿಂಕ್ ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ. ತುದಿಯ ಪಾರದರ್ಶಕ ಪಿನ್ನನ್ನು, ಕ್ಲಿಪ್ ಕೆಳಗೆ ಬರುವಂತೆ, ಬೆಳಕಿಗೆ ಹಿಡಿದು ನೋಡು. ಎಡದಿಂದ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟೂ ಎಳೆಯ ತಾಮ್ರದ ತುದಿ ಪಿನ್ನಿನ ಮೂತಿಗೆ ತಾಗಿರಬೇಕು. ಹಿಂದಕ್ಕೆ ಸರಿದ ಎಳೆ ಇದ್ದರೆ ಬರಿಗಣ್ಣಿಗೇ ಕಾಣುತ್ತದೆ. ಹೊರಗಿನ ಹೊದಿಕೆ ಪಿನ್ನಿನೊಳಗೆ ಹೋಗಿರಬೇಕು. ಹೊರಗೇ ಉಳಿದು ಬಣ್ಣದ ಎಳೆಗಳು ಕಾಣುತ್ತಿದ್ದರೆ ಕ್ರಿಂಪ್ ಮಾಡಿದವನಿಗೆ ಅವಸರ ಇತ್ತು ಅಂತ ತಿಳಿ.

ಆದರೆ ನಿನ್ನ ಪ್ಲಾನೇ 100ರದು. 100ರ ಲಿಂಕಿನಲ್ಲಿ ಸ್ಪೀಡ್ ಟೆಸ್ಟ್ 94ರ ತನಕ ಬರುತ್ತದೆ. ಹುಡುಗಿಗೆ ನಷ್ಟವೇನಿಲ್ಲ. ಸದ್ಯ ಅದನ್ನು ಮುಟ್ಟಬೇಡ. 300ರ ಪ್ಲಾನಿಗೆ ಹೋದ ದಿನ ನೋಡಿದರಾಯಿತು.

ಸುರಪುರ ಎಕ್ಸ್‌ಪ್ರೆಸ್

ಕಾಕಾ ನನ್ನದೂ ಒಂದು. ಹೊಲದ ಮನೆಯಲ್ಲಿ ಸಿಮ್ ಹಾಕುವ 4ಜಿ ರೌಟರ್ ಇದೆ. ಎರಡು ಕಂಪ್ಯೂಟರಿಗೂ ನೆಟ್ ಬರುತ್ತೆ. ಸಿಸಿಟಿವಿ ಮಾತ್ರ ಹೊರಗಿನಿಂದ ಕಾಣಲ್ಲ, ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಕ್ಯಾಮೆರಾಕ್ಕೆ ದಾರಿ ಬಿಡುವ ರೌಟರ್ ಸೆಟ್ಟಿಂಗ್) ಎಲ್ಲಾ ಮಾಡಿದೆ.

ತೊಗರಿ ಬೇಳೆ

ರೌಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ವಿಳಾಸ (ರೌಟರಿಗೆ ಕಂಪನಿಯಿಂದ ಸಿಕ್ಕ ವಿಳಾಸ) ನೋಡಿ. 100.64ರಿಂದ 100.127ರೊಳಗೆ ಅಥವಾ 10ರಿಂದ ಶುರುವಾಗಿದ್ದರೆ ಕಂಪನಿಯವರು ಒಂದೇ ಹೊರ ವಿಳಾಸವನ್ನು ಎಷ್ಟೋ ಜನರಿಗೆ ಹಂಚಿದ್ದಾರೆ. ನೀವು ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ನಡೆಯಲ್ಲ. ಕ್ಯಾಮೆರಾದವರದೇ ಕ್ಲೌಡ್ ಆ್ಯಪ್ ಇದ್ದರೆ ಅದರಿಂದ ನೋಡಿ. ಹೆಚ್ಚಿಗೆ ಬೇಕಿದ್ದರೆ ಬೇರೆ ಪ್ರಶ್ನೆ ಹಾಕಿ, ಇಲ್ಲಿ ಬೆರೆಸಿದರೆ ಆಮೇಲೆ ಹುಡುಕುವವರಿಗೆ ಕಷ್ಟ.

ಜೇವರ್ಗಿ ರೋಡ್

ಬ್ಯಾಕಪ್ಪಿಗೆ ಮಿತಿ ಹಾಕಿದೆ. ಕ್ಲಾಸ್ ಈಗ ಎಲ್ಲೂ ನಿಲ್ಲುತ್ತಿಲ್ಲ. ಪೋರ್ಟ್ 100ರದೇ, ಹಾಗಾಗಿ ಕೇಬಲ್ ಮುಟ್ಟಲಿಲ್ಲ. 3ಬಿ ಕೂಡ ಹೋಯಿತು.

ಕೊನೆಯದೊಂದು. ಅಣ್ಣನ ಕಂಪ್ಯೂಟರಿನ ವಿಳಾಸ ಬದಲಾದರೆ ಮೇಲಿನಿಂದ ಲೆಕ್ಕದ ಡೇಟಾ ತೆರೆಯುವುದಿಲ್ಲ. ಅದರಲ್ಲೇ 192.168.1.110 ಅಂತ ಕೈಯಾರೆ ಹಾಕಿಬಿಡಲಾ?

ಕ್ರಿಂಪರ್ ಕಾಕಾ

110 ಬೇಡ ತಮ್ಮಾ, ಅದು ಬಾಕ್ಸ್ ಹಂಚುವ 100ರಿಂದ 200ರೊಳಗೇ ಬಂತು. ಅಣ್ಣನ ಕಂಪ್ಯೂಟರ್ ಆಫ್ ಇದ್ದಾಗ ಅದೇ 110 ಬೇರೆ ಮೊಬೈಲಿಗೆ ಹೋದರೆ ಇಬ್ಬರ ಜಗಳ ಶುರು. ಕಂಪ್ಯೂಟರಿನಲ್ಲಿ ಏನೂ ಹಾಕಬೇಡ. ಫೈಬರ್ ಬಾಕ್ಸಿನ ಡಿಎಚ್‌ಸಿಪಿ ಪುಟದಲ್ಲಿ ಅಡ್ರೆಸ್ ರಿಸರ್ವೇಶನ್ ಅಥವಾ ಸ್ಟ್ಯಾಟಿಕ್ ಡಿಎಚ್‌ಸಿಪಿ ಅಂತ ಇರುತ್ತದೆ. ಐಪಿಕಾನ್ಫಿಗ್ ಪಟ್ಟಿಯಲ್ಲಿ ಫಿಸಿಕಲ್ ಅಡ್ರೆಸ್ ಅಂತ ಎರಡೆರಡು ಅಕ್ಷರದ ಆರು ಜೋಡಿ ಕಾಣುತ್ತದಲ್ಲ, ಅದನ್ನು ಅಲ್ಲಿ ಬರೆದು ಎದುರಿಗೆ ಬೇಕಾದ ವಿಳಾಸ ಕೊಡು. ಅಲ್ಲಿ ಕೊಟ್ಟರೆ 110 ಆದರೂ ನಡೆಯುತ್ತದೆ, ಬಾಕ್ಸ್ ಅದನ್ನು ಬೇರೆಯವರಿಗೆ ಕೊಡುವುದಿಲ್ಲ. ಪ್ರಿಂಟರಿಗೂ ಹಾಗೇ ಒಂದು ಕೊಟ್ಟುಬಿಡು. ಪ್ರಿಂಟರಿನ ಫಿಸಿಕಲ್ ಅಡ್ರೆಸ್ ಅದರ ನೆಟ್‌ವರ್ಕ್ ಮೆನುವಿನಲ್ಲಿ ಸಿಗುತ್ತದೆ. ಮ್ಯಾಕ್ ಅಂತ ಬರೆದಿರುತ್ತದೆ.